ಬ್ಯಾರೆ ಮನಿಗೆ ಹೋಗಾಕಿ

ತೇರಗಾಂವದ ನಮ್ಮ ಮನೆಯ ಪಡಸಾಲೆಯ ಗೋಡೆಗೆ ನನ್ನ ಕರಾಟೆ ಪ್ರಮಾಣಪತ್ರವನ್ನು ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಪಕ್ಕದ ಮೊಳೆಯಲ್ಲಿ ಅಜ್ಜನ ಬೆಳ್ಳಿ ಕಡಗ. ಪತ್ರದಲ್ಲಿ ಎಲ್ಲವೂ ಇದೆ. ಹೆಸರು, ದರ್ಜೆ, ತಾರೀಕು, ಪರೀಕ್ಷಕರ ಸಹಿ, ಕೆಂಪು ಮೊಹರು. ಕಡಗದ ಮೇಲೆ ಒಂದಕ್ಷರವೂ ಇಲ್ಲ. ಯಾವ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿ ಗೆದ್ದದ್ದು ಎಂದು ಕೇಳಿದರೆ ನಮ್ಮ ಮನೆಯ ಮೂವರು ಮೂರು ಊರಿನ ಹೆಸರು ಹೇಳುತ್ತಾರೆ.

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮಕ್ಕಳಿಗೆ ನಾನು ಕರಾಟೆ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬರಾದರೂ ವರ್ಷಕ್ಕೊಮ್ಮೆ ಕೇಳಿಯೇ ಕೇಳುತ್ತಾರೆ: ಅಕ್ಕಾ, ಕುಂಗ್‌ಫೂಗೂ ಕರಾಟೆಗೂ ಏನು ವ್ಯತ್ಯಾಸ? ಎಷ್ಟೋ ವರ್ಷ ನಾನು ಎಲ್ಲರೂ ಹೇಳುವ ಉತ್ತರವನ್ನೇ ಹೇಳಿದೆ. ಚೀನಾದ್ದು ವೃತ್ತ, ಜಪಾನಿನದು ಸರಳರೇಖೆ. ಅದು ಮೃದು, ಇದು ಕಠಿಣ. ಇದು ಅರ್ಧ ಸುಳ್ಳು. ಚೀನಾದ ಶಿಂಗ್‌ಯಿ ಬಾಣದಂತೆ ನೆಟ್ಟಗೆ ನುಗ್ಗುತ್ತದೆ, ಹುಂಗ್ ಗಾರ್‌ನಷ್ಟು ಗಡುಸಾದದ್ದು ಕಡಿಮೆ; ಜಪಾನಿನ ಐಕಿಡೊ ಪೂರ್ತಿ ಸುತ್ತುವಿಕೆಯ ಮೇಲೆಯೇ ನಿಂತಿದೆ. ಈಗ ಮಕ್ಕಳು ಕೇಳಿದಾಗ ನನ್ನ ಕಣ್ಣಿಗೆ ಬರುವುದು ಆ ಗೋಡೆ, ಆ ಎರಡು ಮೊಳೆ.

ಹಳಿಯಾಳ ಸೀಮೆಯವರಿಗೆ ಕುಸ್ತಿ ಏನೆಂದು ಹೇಳಬೇಕಾಗಿಲ್ಲ, ಬೇರೆಯವರಿಗೆ ಸ್ವಲ್ಪ ಹೇಳಬೇಕು. ಒಂದು ಕಡೆ ಕಾಡು, ಇನ್ನೊಂದು ಕಡೆ ಧಾರವಾಡದ ಬಯಲು, ನಡುವೆ ಭತ್ತ, ಕಬ್ಬು, ಗೋವಿನಜೋಳ. ಕನ್ನಡ, ಮರಾಠಿ, ಕೊಂಕಣಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಜನ. ಜಿಲ್ಲೆ ಉತ್ತರ ಕನ್ನಡವಾದರೂ ಸಮುದ್ರಕ್ಕಿಂತ ಕುಸ್ತಿ ಕಣವೇ ನಮಗೆ ಹತ್ತಿರ. ಜಾತ್ರೆಯಲ್ಲಿ ಸಣ್ಣ ಹುಡುಗರು ತೆಂಗಿನಕಾಯಿಗಾಗಿ ಹಿಡಿಯುತ್ತಾರೆ, ದೊಡ್ಡವರು ಕಡಗಕ್ಕಾಗಿ. ನಮ್ಮಜ್ಜ ತೆಂಗಿನಕಾಯಿಯಿಂದ ಕಡಗದವರೆಗೆ ಬಂದವನು. ಬೆಳಕು ಹರಿಯುವ ಮೊದಲೇ ಎದ್ದು ಗರಡಿಗೆ ಹೋಗಿ ಕೆಮ್ಮಣ್ಣು ಹದ ಮಾಡುತ್ತಿದ್ದ. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ, ಲಿಂಬೆಹಣ್ಣಿನ ರಸ. ಮುಗಿಸಿ ಬಂದಾಗ ಅವನ ಮೈಯಿಂದ ಬರುತ್ತಿದ್ದ ವಾಸನೆ ಉಪ್ಪಿನಕಾಯಿಯದೋ ಹೊಲದ್ದೋ ಎಂದು ಹೇಳುವುದು ಕಷ್ಟ. ಆ ವಾಸನೆಯಲ್ಲೇ ನಾನು ಬೆಳೆದೆ.

ಒಳಗೆ ಮಾತ್ರ ಹೋಗಲಿಲ್ಲ. ಗರಡಿಯಲ್ಲಿ ಹನುಮಪ್ಪ ಇದ್ದಾನೆ, ಅವನು ಬ್ರಹ್ಮಚಾರಿ, ಹೆಣ್ಣುಮಕ್ಕಳು ಹೊಸ್ತಿಲು ದಾಟಬಾರದು ಎಂದು ಊರೆಲ್ಲ ಹೇಳುತ್ತಿತ್ತು. ಅಜ್ಜ ಹೇಳಿದ ಕಾರಣ ಬೇರೆ. ನನಗಾಗ ಎಂಟೋ ಒಂಬತ್ತೋ ವರ್ಷ. ದೊಡ್ಡಪ್ಪನ ಮಗನಿಗೆ, ಅಂದರೆ ನಮ್ಮಣ್ಣನಿಗೆ, ಹಿತ್ತಲಲ್ಲಿ ಒಂದು ಡಾವು ತೋರಿಸುತ್ತಿದ್ದ. ನಾನು ಬಚ್ಚಲು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ನನಗೂ ಕಲಸು ಅಜ್ಜಾ ಎಂದೆ. ಅವನು ನಕ್ಕು, "ನೀ ಬ್ಯಾರೆ ಮನಿಗೆ ಹೋಗಾಕಿ, ಯವ್ವಾ. ನಮ್ಮನಿ ಡಾವು ಅವ್ರ ಮನಿಗೆ ಹೋಗಬಾರದು" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಎತ್ತಿಗೆ ನೀರು ಕುಡಿಸು ಎಂದಷ್ಟೇ ಸಹಜವಾಗಿ ಹೇಳಿದ್ದು. ಅದಕ್ಕೇ ಅದು ಇನ್ನೂ ಕಿವಿಯಲ್ಲಿದೆ.

ಕರಾಟೆ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಅಲ್ಲಿಯವರೆಗೆ ನಮಗೆ ಕರಾಟೆ ಎಂದರೆ ಶಂಕರನಾಗ್. ಕರಾಟೆ ಕಿಂಗ್ ಎಂದು ಆಟೋದ ಹಿಂದೆ ಬರೆಸಿಕೊಂಡ ಕಾಲ ಅದು. ಕುಂಗ್‌ಫೂ ಎಂದರೆ ಬ್ರೂಸ್ ಲೀ, ಜಾಕಿ ಚಾನ್. ಎರಡರ ನಡುವೆ ಒಂದು ಸಮುದ್ರವಿದೆ ಎಂಬುದು ನಮಗೆ ಗೊತ್ತಿರಲಿಲ್ಲ. ಅಣ್ಣನಿಗಂತೂ ಕಣ್ಣು ಸಣ್ಣದಿದ್ದವರೆಲ್ಲ ಕುಂಗ್‌ಫೂ ಬಲ್ಲವರೇ. ಒಮ್ಮೆ ಮುಂಡಗೋಡದ ಟಿಬೆಟನ್ ಕಾಲನಿಗೆ ಹೋದಾಗ ಅಲ್ಲಿ ಮಠದ ಅಂಗಳದಲ್ಲಿ ಕೆಂಪು ವಸ್ತ್ರದ ಹುಡುಗ ಲಾಮಾಗಳು ಒಬ್ಬರೆದುರು ಒಬ್ಬರು ನಿಂತು, ಕಾಲು ಎತ್ತಿ ನೆಲಕ್ಕೆ ಅಪ್ಪಳಿಸಿ, ಕೈಗೆ ಕೈ ಹೊಡೆದು ಕೂಗುತ್ತಿದ್ದರು. ಅಣ್ಣ ನನ್ನ ತೋಳು ಹಿಡಿದು, "ನೋಡಿದ್ಯಾ, ಇದs ಶಾವೊಲಿನ್" ಎಂದ. ಅವರು ಮಾಡುತ್ತಿದ್ದದ್ದು ತರ್ಕಶಾಸ್ತ್ರದ ವಾದ. ಪ್ರಶ್ನೆ ಕೇಳುವವನು ಹಾಗೆ ಚಪ್ಪಾಳೆ ತಟ್ಟಿ ಕೇಳುವುದು ಅಲ್ಲಿಯ ಪದ್ಧತಿ ಎಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು. ಅಣ್ಣನಿಗೆ ನಾನು ಈವರೆಗೂ ಹೇಳಿಲ್ಲ.

ಕರಾಟೆ ಮಾಸ್ತರರು ವಾರಕ್ಕೆರಡು ದಿನ ಬಸ್ಸಿನಲ್ಲಿ ಬರುತ್ತಿದ್ದರು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಸಾಲಾಗಿ ನಿಲ್ಲಿಸಿದರು. ಇಚಿ, ನಿ, ಸಾನ್, ಶಿ. ನಾಲ್ಕಕ್ಕೆ ಬಂದಾಗ ಹುಡುಗರು ಮುಸಿಮುಸಿ ನಗುತ್ತಿದ್ದರು. ಅವರು ನನ್ನನ್ನು ಯಾವ ಮನೆಯವಳು ಎಂದು ಕೇಳಲಿಲ್ಲ. ಫೀ ತಂದಿದ್ದೀಯಾ, ಬಿಳಿ ಬಟ್ಟೆ ಹೊಲಿಸಿದ್ದೀಯಾ, ಅಷ್ಟೇ. ಹುಡುಗಿಯರು ನಾಲ್ವರಿದ್ದೆವು. ಮೂರು ತಿಂಗಳಿಗೆ ಹೇಯಾನ್ ಶೋದಾನ್ ಎಂಬ ಮೊದಲ ಕಾತಾ ಬಂತು. ಇಪ್ಪತ್ತೊಂದು ಎಣಿಕೆ. ಎಡಕ್ಕೆ ತಿರುಗಿ ಕೆಳಗಿನ ತಡೆ, ಒಂದು ಹೆಜ್ಜೆ, ಗುದ್ದು. ಹೀಗೆ ಹೋಗಿ ಹೋಗಿ ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು. ಟೋಕಿಯೊದಲ್ಲಿ ಮಾಡಿದರೂ ಅಷ್ಟೇ, ತೇರಗಾಂವದ ಹಿತ್ತಲಲ್ಲಿ ಮಾಡಿದರೂ ಅಷ್ಟೇ. ಯಾರ ಅಪ್ಪಣೆಯೂ ಇಲ್ಲದೆ ನನಗೆ ಸಿಕ್ಕ ಮೊದಲ ಆಸ್ತಿ ಅದು.

ಅದು ಶಾಲೆಯ ಮೈದಾನಕ್ಕೆ ಅಷ್ಟು ಚೆನ್ನಾಗಿ ಹೊಂದಿಕೊಂಡದ್ದು ಆಕಸ್ಮಿಕವಲ್ಲ ಎಂದು ಆಮೇಲೆ ಓದಿ ತಿಳಿದೆ. ಆ ಕಾತಾ ಹುಟ್ಟಿದ್ದೇ ಶಾಲಾ ಮಕ್ಕಳಿಗಾಗಿ. ಒಕಿನಾವಾ ದ್ವೀಪದಲ್ಲಿ ಈ ವಿದ್ಯೆ ಮೊದಲು ಮನೆಯಂಗಳಗಳಲ್ಲಿ, ರಾತ್ರಿಹೊತ್ತು, ಆರಿಸಿದ ಕೆಲವರಿಗಷ್ಟೇ ಸಿಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇತೊಸು ಅಂಕೊ ಅದನ್ನು ಶಾಲೆಯ ವ್ಯಾಯಾಮದ ಪಾಠಕ್ಕೆ ತಂದರು. ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಉದ್ದದ್ದನ್ನು ಗಿಡ್ಡ ಮಾಡಿ, ಐದು ಪಾಠ ಕಟ್ಟಿದರು. 1908ರಲ್ಲಿ ಹತ್ತು ಅಂಶಗಳ ಪತ್ರ ಬರೆದು ಇದನ್ನು ಶಾಲೆಗಳಲ್ಲಿ ಕಲಿಸಬೇಕೆಂದು ವಾದಿಸಿದರು. ಅವರ ಶಿಷ್ಯ ಫುನಾಕೋಶಿ ಗಿಚಿನ್ ಸ್ವತಃ ಶಾಲಾ ಮಾಸ್ತರ. 1922ರಲ್ಲಿ ಟೋಕಿಯೊದಲ್ಲಿ ಅದನ್ನು ಪ್ರದರ್ಶಿಸಿ ಅಲ್ಲೇ ಉಳಿದರು. ಅದಕ್ಕೂ ಮೊದಲು ಜೂಡೊ ಕಟ್ಟಿದ ಕಾನೊ ಜಿಗೊರೊ ಕೂಡ ಶಿಕ್ಷಣತಜ್ಞರೇ, ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಚಾರ್ಯರಾಗಿದ್ದವರು. 1882ರಲ್ಲಿ ಒಂದು ಬೌದ್ಧ ಗುಡಿಯ ಹನ್ನೆರಡು ಚಾಪೆಯಷ್ಟು ಜಾಗದಲ್ಲಿ ಒಂಬತ್ತು ಹುಡುಗರೊಂದಿಗೆ ಅವರ ಕೊಡೊಕಾನ್ ಶುರುವಾಯಿತು. ಮರುವರ್ಷವೇ ದಾನ್ ಎಂಬ ದರ್ಜೆ ಕೊಡತೊಡಗಿದರು. ಕಪ್ಪು ಪಟ್ಟಿ, ಬಿಳಿ ಸಮವಸ್ತ್ರ ಎಲ್ಲವೂ ಅಲ್ಲಿಂದ ಬಂದವು. ಕರಾಟೆ ಅವನ್ನು ಜೂಡೊದಿಂದ ತೆಗೆದುಕೊಂಡಿತು. ತರಗತಿ, ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರ. ನಮ್ಮ ಸರಕಾರಿ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಹೆಣ್ಣುಮಕ್ಕಳ ಆತ್ಮರಕ್ಷಣೆ ಎಂದಾಗ ಓಬವ್ವನ ಹೆಸರಿಟ್ಟು ಬಹಳ ಮಟ್ಟಿಗೆ ಕರಾಟೆಯನ್ನೇ ಕಲಿಸುವುದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ. ಒನಕೆ ಹಿಡಿಯಲು ಕಲಿಸುವ ಪಠ್ಯಕ್ರಮ ಯಾರ ಬಳಿಯೂ ಇಲ್ಲ.

ಇನ್ನೊಂದು ಸಂಗತಿ. ಕರಾಟೆ ಎಂಬ ಪದವನ್ನು ಮೊದಲು ಬರೆಯುತ್ತಿದ್ದ ಅಕ್ಷರಗಳ ಅರ್ಥ 'ಚೀನಾದ ಕೈ' ಎಂದು. ಒಕಿನಾವಾದವರು ವಿದ್ಯೆಯ ತವರನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದರು. ಚೀನಾದೊಂದಿಗೆ ಹಗೆ ಬಲಿಯುತ್ತಿದ್ದ ಕಾಲಕ್ಕೆ ಅದನ್ನು 'ಬರಿಗೈ' ಎಂಬ ಅರ್ಥ ಬರುವಂತೆ ಬೇರೆ ಅಕ್ಷರದಲ್ಲಿ ಬರೆಯಲು ಶುರುಮಾಡಿದರು. 1936ರ ಅಕ್ಟೋಬರಿನಲ್ಲಿ ನಾಹಾ ಪಟ್ಟಣದಲ್ಲಿ ಹಿರಿಯರೆಲ್ಲ ಸೇರಿ ಅದನ್ನು ಒಪ್ಪಿದರು. ಉಚ್ಚಾರ ಅದೇ, ಬರಹ ಬೇರೆ. ತವರಿನ ಹೆಸರು ಬಿಟ್ಟು ಗಂಡನ ಮನೆಯ ಹೆಸರು ಹಾಕಿಕೊಂಡಂತೆ. ಬ್ಯಾರೆ ಮನಿಗೆ ಹೋದ ವಿದ್ಯೆ ಎಂದು ನಾನು ಅದನ್ನು ಓದಿದಾಗ ನನ್ನಷ್ಟಕ್ಕೆ ನಕ್ಕಿದ್ದೆ.

ನಮ್ಮವರು ಈ ಜಾಗಕ್ಕೆ ಬಂದಾಗ ಬೋಧಿಧರ್ಮನನ್ನು ತರದೆ ಬಿಡುವುದಿಲ್ಲ. ದಕ್ಷಿಣ ಭಾರತದಿಂದ ಹೋದ ಆ ಭಿಕ್ಷು ಶಾವೊಲಿನ್‌ನಲ್ಲಿ ಕುಂಗ್‌ಫೂ ಕಲಿಸಿದ, ಆದ್ದರಿಂದ ಎಲ್ಲದಕ್ಕೂ ನಾವೇ ಮೂಲ ಎಂಬುದು. ಕೇಳಲು ಸುಖವಾಗಿದೆ. ಆದರೆ ಆ ಕಥೆಗೆ ಆಧಾರವಾದ ವ್ಯಾಯಾಮದ ಗ್ರಂಥ ಅವನ ಕಾಲದ ಸಾವಿರ ವರ್ಷದ ನಂತರದ್ದು, ಹದಿನೇಳನೆಯ ಶತಮಾನದ್ದು. ತಾಂಗ್ ಹಾವೊ ಎಂಬ ಚೀನೀ ಇತಿಹಾಸಕಾರ 1930ರಲ್ಲೇ ಇದನ್ನು ಬಿಡಿಸಿ ತೋರಿಸಿದ್ದಾರೆ. ನಮ್ಮ ಗರಡಿಗಳು ಖಾಲಿ ಬಿದ್ದಿರುವಾಗ ಶಾವೊಲಿನ್‌ಗೆ ಹಕ್ಕು ಸಾಧಿಸಲು ಹೋಗುವುದು ನನಗೇಕೋ ಒಗ್ಗುವುದಿಲ್ಲ.

ಧಾರವಾಡದಲ್ಲಿ ಕಾಲೇಜು ಮುಗಿಯುವಷ್ಟರಲ್ಲಿ ಕಪ್ಪು ಪಟ್ಟಿ ಬಂತು. ಕೆಲಸ ಹಿಡಿದು ಬೆಂಗಳೂರಿಗೆ ಹೋದ ಮೇಲೆ, ಸಹೋದ್ಯೋಗಿಯೊಬ್ಬಳ ಜೊತೆ ಕುತೂಹಲಕ್ಕೆಂದು ವಿಂಗ್ ಚುನ್ ಕಲಿಸುವವರೊಬ್ಬರ ಮನೆಗೆ ಹೋದೆ. ಮನೆ ಎಂದೇ ಹೇಳಬೇಕು. ಮಾಳಿಗೆಯ ಮೇಲೆ ತಗಡಿನ ಮಾಡು, ಒಂದು ಮೂಲೆಯಲ್ಲಿ ಒಣಹಾಕಿದ ಬಟ್ಟೆ. ಸಾಲಿಲ್ಲ, ಎಣಿಕೆಯಿಲ್ಲ, ಸಮವಸ್ತ್ರವಿಲ್ಲ. ಮೊದಲ ದಿನ ಮೊಣಕಾಲು ಒಳಗೆ ಮಾಡಿ ನಿಲ್ಲಿಸಿ, ಕೈಗಳನ್ನಷ್ಟೇ ಆಡಿಸುವ ಮೊದಲ ಪಾಠ ಸಿಯು ನಿಮ್ ತಾವು ತೋರಿಸಿದರು. ಹೆಸರಿನ ಅರ್ಥ 'ಸಣ್ಣದೊಂದು ಯೋಚನೆ'. ಪೂರ್ತಿ ಮುಗಿದರೂ ನಿಂತಲ್ಲಿಂದ ಒಂದು ಹೆಜ್ಜೆ ಇಡುವಂತಿಲ್ಲ. ಕರಾಟೆಯ ಉದ್ದದ ಹೆಜ್ಜೆಗೆ ಒಗ್ಗಿದ್ದ ನನಗೆ ಇದೇನು ಅಡುಗೆಮನೆಯಲ್ಲಿ ನಿಂತು ರೊಟ್ಟಿ ತಟ್ಟಿದಂತೆ ಅನ್ನಿಸಿತು. ಹೇಳಿಯೂಬಿಟ್ಟೆ. ಅವರು ತಪ್ಪು ತಿಳಿಯಲಿಲ್ಲ. "ರೊಟ್ಟಿ ತಟ್ಟುವವರ ಕೈ ನೋಡಿದ್ದೀರಾ? ಹಿಟ್ಟು ಹೇಳಿದಂತೆ ಕೇಳುತ್ತದೆ" ಎಂದರು.

ಅಲ್ಲಿ ನನಗೆ ಆಶ್ಚರ್ಯ ತಂದದ್ದು ಕರೆಯುವ ರೀತಿ. ಕರಾಟೆಯಲ್ಲಿ ಕಲಿಸುವವರು ಸೆನ್ಸೈ. ಅಂದರೆ ನಮಗಿಂತ ಮೊದಲು ಹುಟ್ಟಿದವರು. ಮುಂದಿನ ತರಗತಿಯವರು ಸೆಂಪಾಯ್, ಹಿಂದಿನವರು ಕೊಹಾಯ್. ಇವು ಶಾಲೆಯಲ್ಲೂ ಆಫೀಸಿನಲ್ಲೂ ಬಳಸುವ ಮಾತುಗಳೇ. ಇಲ್ಲಿ ಕಲಿಸುವವರು ಸೀಫು, ಅದರಲ್ಲಿ 'ತಂದೆ' ಇದ್ದಾನೆ. ಮೊದಲೇ ಸೇರಿದವರು ಸೀಹಿಂಗ್, ಅಣ್ಣ. ಆಮೇಲೆ ಬಂದ ಹುಡುಗಿ ಸೀಮುಯ್, ತಂಗಿ. ಸೀಫುವಿನ ಗುರು ಸೀಗುಂಗ್, ಅಜ್ಜ. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗನೊಬ್ಬ ಮೊದಲೇ ಸೇರಿದ್ದರಿಂದ ಅವನು ನನಗೆ ಅಣ್ಣನಾದ. ಬಹಳ ಗತ್ತಿನಿಂದ ನನ್ನ ಮೊಣಕೈ ತಿದ್ದುತ್ತಿದ್ದ. ಹಳೆಯ ಪದ್ಧತಿಯಲ್ಲಿ ಶಿಷ್ಯನಾಗುವುದೆಂದರೆ ಗುರುವಿಗೆ ಮಂಡಿಯೂರಿ ಚಹಾ ಕೊಟ್ಟು ಆ ಮನೆಯವನಾಗುವುದು. ಶೈಲಿಗಳ ಹೆಸರೂ ಹಾಗೆ. ದಕ್ಷಿಣ ಚೀನಾದ ಹುಂಗ್ ಗಾರ್ ಎಂದರೆ ಹುಂಗ್‌ರ ಮನೆ. ತಾಯ್‌ಚಿಯಲ್ಲಿ ಚೆನ್‌ರದು, ಯಾಂಗ್‌ರದು, ವೂ ಅವರದು ಎಂದೇ ಹೆಸರು. ಊರಿನ, ಪ್ರಾಣಿಯ ಹೆಸರಿನ ಶೈಲಿಗಳು ಇಲ್ಲವೆಂದಲ್ಲ, ಆದರೆ ಮನೆತನದ ಹೆಸರು ಹೆಜ್ಜೆಗೊಂದು ಸಿಗುತ್ತದೆ. ಜಪಾನಿನಲ್ಲಿ ಕೊಡೊಕಾನ್, ಶೊತೊಕಾನ್. ಕಾನ್ ಎಂದರೆ ಸಭಾಂಗಣ, ಶಾಲೆ. ಕಲಿಯುವ ಜಾಗಕ್ಕೆ ದೊಜೊ ಎನ್ನುತ್ತಾರಲ್ಲ, ಆ ಪದ ಬೌದ್ಧರ ಬೋಧಿಮಂಡ ಎಂಬುದರ ಅನುವಾದವಾಗಿ ಚೀನಾದಲ್ಲಿ ಹುಟ್ಟಿ ಅಲ್ಲಿಗೆ ಹೋದದ್ದು.

ನಾವು ಏನೆನ್ನುತ್ತೇವೆ? ಗರಡಿಮನೆ. ನಮ್ಮದೂ ಮನೆಯೇ.

ಮನೆ ಎಂದರೆ ಹೊಸ್ತಿಲು ಇದ್ದೇ ಇರುತ್ತದೆ. ಗಂಡುಮಗನಿಗೆ ಕೊಡು, ಹೆಣ್ಣುಮಗಳಿಗೆ ಬೇಡ ಎಂಬ ಮಾತು ಚೀನಾದ ಮನೆವಿದ್ಯೆಗಳಲ್ಲಿ ಗಾದೆಯಷ್ಟು ಹಳೆಯದು. ಕಾರಣ? ಅವಳು ಮದುವೆಯಾಗಿ ಬೇರೆ ಮನೆಗೆ ಹೋಗುತ್ತಾಳೆ. ಸೀಫು ಒಂದು ದಿನ ಚಹಾ ಕುಡಿಯುತ್ತಾ ಇದನ್ನು ಹೇಳಿದಾಗ ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಹೆನಾನ್ ಪ್ರಾಂತದ ಚೆನ್ ಊರಿನ ಯಾವುದೋ ಅಜ್ಜ, ತೇರಗಾಂವದ ನನ್ನಜ್ಜ, ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮಾತು ಮಾತ್ರ ಅಕ್ಷರಕ್ಕೆ ಅಕ್ಷರ ಒಂದೇ. ಆ ಚೆನ್ ಮನೆಯ ತಾಯ್‌ಚಿಯನ್ನು ಹೊರಗೆ ತಂದ ಯಾಂಗ್ ಲುಚಾನ್ ಎಂಬವನು ಅಲ್ಲಿಯ ಮನೆಯವನಲ್ಲ. ಗೋಡೆಯ ಬಿರುಕಿನಿಂದ ಕದ್ದು ನೋಡಿ ಕಲಿತ ಎಂದು ಕಥೆ ಕಟ್ಟಿದ್ದಾರೆ. ನಿಜವೋ ಸುಳ್ಳೋ, ಬಚ್ಚಲು ಕಟ್ಟೆಯ ಮೇಲೆ ಕುಳಿತಿದ್ದವಳಿಗೆ ಅದು ಸುಳ್ಳೆಂದು ಅನ್ನಿಸಲಾರದು. ವಿಂಗ್ ಚುನ್‌ನದಂತೂ ಇನ್ನೂ ವಿಚಿತ್ರ. ಸನ್ಯಾಸಿನಿಯೊಬ್ಬಳು ಅದನ್ನು ಕಟ್ಟಿ ಯಿಮ್ ವಿಂಗ್ ಚುನ್ ಎಂಬ ಹುಡುಗಿಗೆ ಕಲಿಸಿದಳು, ಬಲವಂತದ ಮದುವೆಗೆ ಬಂದವನನ್ನು ಆ ಹುಡುಗಿ ಸೋಲಿಸಿದಳು ಎಂಬುದು ಅವರ ಹುಟ್ಟುಕಥೆ. ಇತಿಹಾಸವಲ್ಲ. ಹೆಣ್ಣುಮಕ್ಕಳಿಗೆ ಕೊಡಬಾರದೆಂದ ನಾಡೇ ಒಂದು ವಿದ್ಯೆಗೆ ಹೆಣ್ಣಿನ ಹೆಸರಿಟ್ಟು ಕಥೆ ಕಟ್ಟಿಕೊಂಡಿದೆ ಎಂಬುದಷ್ಟೇ ನನಗೆ ಸಾಕು.

ಇಷ್ಟು ಹೇಳಿ, ಜಪಾನಿನದು ಶಾಲೆ, ಚೀನಾದ್ದು ಮನೆ ಎಂದು ಗೆರೆ ಎಳೆದುಬಿಟ್ಟರೆ ಅದೂ ವೃತ್ತ-ಸರಳರೇಖೆಯಂತೆ ಇನ್ನೊಂದು ಅರ್ಧ ಸುಳ್ಳಾಗುತ್ತದೆ. ಜಪಾನಿನ ಹಳೆಯ ಕತ್ತಿವಿದ್ಯೆ, ಜುಜುತ್ಸುಗಳೂ ಮನೆತನದ ಗುಟ್ಟುಗಳೇ ಆಗಿದ್ದವು. ಕೊನೆಯ ಪಾಠವನ್ನು ಒಬ್ಬ ಉತ್ತರಾಧಿಕಾರಿಗೆ ಮಾತ್ರ ಕೊಡುತ್ತಿದ್ದರು. ಕಾನೊ ಕಲಿತದ್ದೂ ಅಂಥಲ್ಲೇ. ಮೇಜಿ ಕಾಲದಲ್ಲಿ ಸಮುರಾಯ್‌ಗಳ ಕೆಲಸವೇ ಹೋಗಿ, ದೇಶವೆಲ್ಲ ಶಾಲೆ, ಸೈನ್ಯ, ಕಾರ್ಖಾನೆ ಎಂದು ಸಾಲುಗಟ್ಟಿ ನಿಂತಾಗ ವಿದ್ಯೆಯೂ ಸಾಲಿನಲ್ಲಿ ನಿಂತಿತು. ಚೀನಾವೂ ಅದನ್ನೇ ಮಾಡಲು ಹೊರಟಿತ್ತು. 1910ರಲ್ಲಿ ಶಾಂಘೈಯಲ್ಲಿ ಶುರುವಾದ ಜಿಂಗ್ವು ಸಂಘ ಎಲ್ಲ ಮನೆತನದವರನ್ನೂ ಒಂದೇ ಸೂರಿನಡಿ ತಂದಿತು, ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರಕಾರವೇ ಸಂಸ್ಥೆ ಕಟ್ಟಿತು. ಆಮೇಲೆ ಯುದ್ಧ, ಅಂತರ್ಯುದ್ಧ. 1956ರಲ್ಲಿ ಹೊಸ ಸರಕಾರ ತಾಯ್‌ಚಿಯನ್ನು ಇಪ್ಪತ್ನಾಲ್ಕು ಭಂಗಿಗೆ ಇಳಿಸಿ ಜನರ ಕೈಗಿಟ್ಟಿತು. ಇವತ್ತು ಬೆಳಿಗ್ಗೆ ಉದ್ಯಾನಗಳಲ್ಲಿ ಅಜ್ಜ-ಅಜ್ಜಿಯರು ಮಾಡುವುದು ಹೆಚ್ಚಾಗಿ ಅದನ್ನೇ. ಹಾಗಾಗಿ ಇದು ರಕ್ತದಲ್ಲಿ ಬಂದ ಗುಣವೇನೂ ಅಲ್ಲ. ಒಂದು ದೇಶಕ್ಕೆ ಮನೆಯನ್ನು ಶಾಲೆ ಮಾಡಲು ಬಿಡುವು ಸಿಕ್ಕಿತು, ಇನ್ನೊಂದಕ್ಕೆ ಅರ್ಧ ಸಿಕ್ಕಿತು. ಉಳಿದರ್ಧ ದೇಶ ಬಿಟ್ಟು ಓಡಿದವರ ಜೊತೆ ಹೋಯಿತು. ಬ್ರೂಸ್ ಲೀಗೆ ವಿಂಗ್ ಚುನ್ ಕಲಿಸಿದ ಇಪ್ ಮಾನ್ 1949ರ ಗಲಾಟೆಯಲ್ಲಿ ಮನೆ-ಆಸ್ತಿ ಬಿಟ್ಟು ಹಾಂಗ್‌ಕಾಂಗ್ ಸೇರಿದವರು. ಮರುವರ್ಷ ಹೊಟೇಲ್ ಕಾರ್ಮಿಕರ ಸಂಘದ ಕೋಣೆಯಲ್ಲಿ ಕಲಿಸಲು ಶುರುಮಾಡಿದರು. ಅವರ ಶಿಷ್ಯರು ಒಬ್ಬರಂತೆ ಒಬ್ಬರು ಮಾಡುವುದಿಲ್ಲ. ಪ್ರತಿಯೊಬ್ಬರೂ ನನಗೆ ಕಲಿಸಿದ್ದೇ ನಿಜವಾದದ್ದು ಎನ್ನುತ್ತಾರೆ. ನಮ್ಮ ಮನೆಯ ಬೆಳ್ಳಿ ಕಡಗದ ಹಾಗೆ.

ಆದರೆ ಮನೆಯಲ್ಲಿ ಸಿಗುವುದು ಶಾಲೆಯಲ್ಲಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ವಿಂಗ್ ಚುನ್‌ನಲ್ಲಿ ಚಿ ಸಾವು ಎಂಬ ಅಭ್ಯಾಸವಿದೆ, 'ಅಂಟುವ ಕೈ'. ಇಬ್ಬರು ಮುಂಗೈಗೆ ಮುಂಗೈ ತಾಗಿಸಿ, ಬಿಡದೆ ಉರುಳಿಸುತ್ತಿರಬೇಕು. ಎದುರಿನವರು ಎಲ್ಲಿ ಒತ್ತುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಚರ್ಮದಿಂದಲೇ ತಿಳಿಯಬೇಕು. ಇದನ್ನು ಸಾಲಿನಲ್ಲಿ ನಿಲ್ಲಿಸಿ ಎಣಿಸಿ ಕಲಿಸಲಾಗದು. ಸೀಫು ಒಬ್ಬೊಬ್ಬರ ಕೈಯನ್ನೂ ತಾವೇ ಮುಟ್ಟಿ ಕಲಿಸಬೇಕು. ಒಂದು ಸಂಜೆಗೆ ಐದಾರು ಜನರಿಗಿಂತ ಹೆಚ್ಚು ಆಗುವುದಿಲ್ಲ. ಮೊದಲ ಸಲ ಅವರ ಮುಂಗೈ ನನ್ನದಕ್ಕೆ ತಾಗಿದಾಗ ಇದನ್ನು ಎಲ್ಲೋ ಬಲ್ಲೆ ಅನ್ನಿಸಿತು. ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾಯಿತು. ಹತ್ತನೆಯ ತರಗತಿಯಲ್ಲಿದ್ದಾಗ, ಕಂದು ಪಟ್ಟಿಯ ಅಹಂಕಾರದಲ್ಲಿ, ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನಿಗೆ ಒಂದು ಗುದ್ದು ತೋರಿಸುತ್ತೇನೆ ಎಂದಿದ್ದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಎಡಗೈಯ ಎರಡು ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಸುಮ್ಮನೆ ಇಟ್ಟ. ನನ್ನ ಗುದ್ದು ಹೊರಡಲೇ ಇಲ್ಲ. ಹೊರಡುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ನಾಲ್ಕು ಸಲ ಪ್ರಯತ್ನಿಸಿದೆ. "ಕಾಲಾಗ ಹುಟ್ಟತೈತಿ, ಯವ್ವಾ. ಕೈಯಾಗ ಅಲ್ಲ" ಎಂದ. ಅಷ್ಟೇ ಅವನು ನನಗೆ ಹೇಳಿಕೊಟ್ಟದ್ದು. ಹೇಳಿಕೊಡಬೇಕೆಂದು ಹೇಳಿದ್ದೋ, ಮೊಮ್ಮಗಳ ಜೊತೆ ಆಟಕ್ಕೆ ಆಡಿದ್ದೋ ಗೊತ್ತಿಲ್ಲ.

ಅಜ್ಜ ತೀರಿಹೋಗಿ ಹನ್ನೊಂದು ವರ್ಷವಾಯಿತು. ಗರಡಿಯಲ್ಲಿ ಈಗ ಯಾರದೋ ಗೊಬ್ಬರದ ಚೀಲಗಳಿವೆ. ಕುಸ್ತಿ ಸತ್ತಿತೆಂದು ಅಳಲು ಹೋಗುವುದಿಲ್ಲ. ಹಳಿಯಾಳದಲ್ಲಿ ಸರಕಾರದ ಕುಸ್ತಿ ಹಾಸ್ಟೆಲಿದೆ, ಮ್ಯಾಟ್ ಇದೆ, ಅಲ್ಲಿಯ ಹುಡುಗಿಯರು ರಾಷ್ಟ್ರಮಟ್ಟದ ಪದಕ ತರುತ್ತಿದ್ದಾರೆ. ಸಿದ್ದಿ ಹುಡುಗಿಯರು ಅವರಲ್ಲಿ ಮುಂದೆ. ಅವರು ಬಸ್ ಸ್ಟ್ಯಾಂಡಿನಲ್ಲಿ ಕಿವಿ ಮುರಿದುಕೊಂಡು, ಟ್ರ್ಯಾಕ್ ಸೂಟ್ ಹಾಕಿಕೊಂಡು ನಿಂತಿರುವುದನ್ನು ನೋಡಿದಾಗ ನನಗೆ ಆಗುವ ಹೊಟ್ಟೆಕಿಚ್ಚು ಖುಷಿಯ ಜಾತಿಯದು. ಅಜ್ಜನ ಹೊಸ್ತಿಲನ್ನು ಒಡೆದದ್ದು ಶಾಲೆಯೇ, ಮನೆಯಲ್ಲ. ಅಲ್ಲಿ ಕಲಿಸುವುದು ಜಗತ್ತಿನ ನಿಯಮದ ಕುಸ್ತಿ, ಅಂಕದ ಕುಸ್ತಿ. ಕಲಿಸಲೇಬೇಕು. ಅಜ್ಜನ ಡಾವು ಅಲ್ಲಿಲ್ಲ.

ಆ ಡಾವು ಇರುವುದು ಅಣ್ಣನ ಹತ್ತಿರ. ಇರಬೇಕು. ಎದುರಾಳಿ ಕುತ್ತಿಗೆಗೆ ಕೈ ಹಾಕಿ ಜಗ್ಗಿದಾಗ ಎದುರಿಸದೆ ಅವನ ಜೊತೆಗೇ ಹೋಗಿ, ಅರ್ಧ ದಾರಿಯಲ್ಲಿ ಕೆಳಗೆ ಕುಸಿದು, ತಿರುಗಿ, ಅವನನ್ನೇ ಚಿತ್ ಮಾಡುವುದು. ಊರಲ್ಲಿ ಹಳಬರು ಈಗಲೂ ಅದರ ಬಗ್ಗೆ ಮಾತಾಡುತ್ತಾರೆ. ಅಣ್ಣನಿಗೆ ಅಜ್ಜ ಅದನ್ನು ಕಲಿಸಿದ್ದ, ನಾನೇ ಕಟ್ಟೆಯ ಮೇಲಿಂದ ನೋಡಿದ್ದೇನೆ. ಆಮೇಲೆ ಅಣ್ಣ ಗೋವಾದ ಕಂಪನಿಗೆ ಕೆಲಸಕ್ಕೆ ಹೋದ. ಇಪ್ಪತ್ತು ವರ್ಷ ಮಣ್ಣು ಮುಟ್ಟಲಿಲ್ಲ. ಬೆಕ್ಕು ಹುಲಿಗೆ ಎಲ್ಲವನ್ನೂ ಕಲಿಸಿ ಮರ ಹತ್ತುವುದನ್ನು ಮಾತ್ರ ಉಳಿಸಿಕೊಂಡ ಕಥೆ ಚೀನಾದಲ್ಲಿದೆ. ಗುರುಗಳು ಗುಟ್ಟು ಇಟ್ಟುಕೊಳ್ಳುವುದಕ್ಕೆ ಅದನ್ನೇ ಸಮರ್ಥನೆಯಾಗಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕು ಮರ ಹತ್ತುವುದನ್ನೂ ಕಲಿಸಿತ್ತು. ಹುಲಿ ಮರೆತುಬಿಟ್ಟಿತು.

ಕಳೆದ ದೀಪಾವಳಿಗೆ ಇಬ್ಬರೂ ಊರಲ್ಲಿದ್ದೆವು. ಆಕಳ ಪೂಜೆ ಮುಗಿದು, ಹೋಳಿಗೆ ಊಟವೂ ಆಗಿ, ಅಣ್ಣ ಹಿತ್ತಲಲ್ಲಿ ಹಲ್ಲು ಚುಚ್ಚುತ್ತಾ ನಿಂತಿದ್ದ. ನಾನು ಹೋಗಿ ಅಜ್ಜನ ಡಾವು ತೋರಿಸು ಎಂದೆ. ಮೊದಲು ನಕ್ಕ. ಹೊಟ್ಟೆ ಬಂದೈತಿ, ಮಂಡಿ ನೋವೈತಿ, ನೀ ಏನ್ ಮಾಡ್ತಿ ಅದನ್ನ ತಗೊಂಡು ಎಂದ. ನಾನು ಬಿಡಲಿಲ್ಲ. ಕೊನೆಗೆ ಅಂಗಿ ತೆಗೆದು ಮೊಳೆಗೆ ಹಾಕಿ ನಿಂತ. "ಹಿಡಿ ಕುತ್ತಿಗಿ" ಎಂದ. ಹಿಡಿದೆ. ಜಗ್ಗಿದೆ. ಅವನು ಬಂದ, ಕುಸಿದ, ತಿರುಗಬೇಕಾದಲ್ಲಿ ನಿಂತುಬಿಟ್ಟ.

"ಇಲ್ಲಿ ಒಂದು ಐತಿ" ಎಂದ. "ಇಲ್ಲಿ ಅಜ್ಜ ಕಾಲು ಏನೋ ಮಾಡ್ತಿದ್ದ."

"ಎಡಗಾಲು ಹಿಂದಕ್ಕ ತಗೀತಿದ್ದ" ಎಂದೆ.

"ನಿನಗೇನು ಗೊತ್ತು?"

"ನೋಡೀನಲ್ಲ, ಕಟ್ಟಿ ಮ್ಯಾಲೆ ಕುಂತು."

ಅವನು ಎಡಗಾಲು ಹಿಂದೆ ತೆಗೆದ. ತೂಕ ತಪ್ಪಿ ಕಲ್ಲಿಗೆ ಕೈ ಊರಿದ. ಅಲ್ಲ, ಬಲಗಾಲು ಎಂದ. ಬಲಗಾಲು ಪ್ರಯತ್ನಿಸಿದೆವು. ಆಮೇಲೆ ಅವನು ನನ್ನ ಕುತ್ತಿಗೆ ಹಿಡಿದ, ನಾನು ಕುಸಿದೆ. ಎರಡು ಬೆರಳು ಅವನ ಮಣಿಕಟ್ಟಿನ ಮೇಲೆ ಇಟ್ಟುಕೊಂಡೇ ಕುಸಿದೆ. ಅವನ ಭಾರ ಎತ್ತ ಹೊರಟಿದೆ ಎಂದು ಗೊತ್ತಾಗುತ್ತಿತ್ತು, ಅದನ್ನು ಏನು ಮಾಡಬೇಕೆಂಬುದು ಗೊತ್ತಾಗಲಿಲ್ಲ. ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ನಿಂತು, ಹಬ್ಬದ ದಿನ ಹೊಸ ಸೀರಿ ಉಟ್ಟು ಇದೇನ್ ಹಚ್ಚೀರಿ ಇಬ್ಬರೂ ಎಂದು ಬೈದಳು. ಅಣ್ಣನ ಮಗಳು, ಆರನೆಯ ತರಗತಿಯವಳು, ಬಚ್ಚಲು ಕಟ್ಟೆಯ ಮೇಲೆ ಹತ್ತಿ ಕುಳಿತು ಮೊಬೈಲು ಹಿಡಿದು ಚಿತ್ರೀಕರಿಸುತ್ತಿದ್ದಳು.

"ಅದನ್ನ ಕೆಳಗಿಟ್ಟು ಇಲ್ಲಿ ಬಾ" ಎಂದು ಅಣ್ಣ ಅವಳನ್ನು ಕರೆದ. "ಅತ್ತಿ ಕುತ್ತಿಗಿ ಹಿಡಿ. ಕಾಲು ನಾ ನೋಡ್ತೇನಿ."